ತಗಡಪ್ಪನೊಳಗಿದ್ದವನ ಮುಖ

ಮೂವತ್ತೆರಡನೇ ವಯಸ್ಸಿಗೆ ನಿವೃತ್ತಿಯ ಮಾತಾಡಿದರೆ ಕೇಳಿದವರು ನಗುತ್ತಾರೆ. ನಗಲಿ. ಜನರನ್ನು ನಗಿಸುವುದೇ ನನ್ನ ಕೆಲಸವಾಗಿತ್ತು. ಒಂಬತ್ತು ವರ್ಷ ಕೊಳ್ಳೇಗಾಲದಲ್ಲಿ ಕೂತು, ಜನ ಮೊಬೈಲಿನಲ್ಲಿ ನೋಡುವ ನಗೆ ವಿಡಿಯೋಗಳನ್ನು ಮಾಡಿದೆ. ಆಕಾಶನೌಕೆ, ರೋಬೋ, ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರ, ಇವೇ ನಮ್ಮ ಸರಕು. ಹೋದ ಕಾರ್ತಿಕ ಮಾಸದಲ್ಲಿ ಅದನ್ನು ನಿಲ್ಲಿಸಿ, ಕೊಪ್ಪಳದ ಕಡೆಯ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಡಂ ಆಗಿ ಬಂದೆ.

ಇಲ್ಲಿಗೆ ಬಂದ ಮೇಲೆ ಹನೂರಿನ ಮೂವರು ಹುಡುಗಿಯರು ಫೋನ್ ಮಾಡಿದ್ದರು. ಅವರೂ ಶುರು ಮಾಡುತ್ತಾರಂತೆ. “ಅಕ್ಕಾ, ಯಾವ ಕ್ಯಾಮೆರಾ ತಕಬೇಕು?” ಎಂದು ಕೇಳಿದರು. ಕ್ಯಾಮೆರಾದ ಹೆಸರನ್ನು ಫೋನಿನಲ್ಲೇ ಹೇಳಿ ಮುಗಿಸಿದೆ. ಹೇಳದೆ ಉಳಿದದ್ದು ಬಹಳವಿತ್ತು. ದಿನಚರಿ ಬರೆಯುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ. ಹಳೆಯ ಪುಸ್ತಕಗಳನ್ನು ತಿರುವುತ್ತ ಇದನ್ನು ಬರೆಯುತ್ತಿದ್ದೇನೆ. ನಮ್ಮ ಚಾನೆಲ್ಲಿಗೆ ಎಷ್ಟು ಜನ ಸೇರಿದರು, ಯಾರು ಹಾರ ಹಾಕಿದರು ಎಂಬುದು ಇದರಲ್ಲಿಲ್ಲ. ಅದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಈ ಹುಚ್ಚು ನನಗೆ ಹತ್ತಿದ್ದು ಧನಗೆರೆಯ ನಮ್ಮ ಮನೆಯ ತಾರಸಿಯ ಮೇಲೆ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಯಾವುದೋ ದೇಶದ ಇಬ್ಬರು ಹುಡುಗರು ರಟ್ಟಿನ ಡಬ್ಬದಲ್ಲಿ ಕೂತು ಚಂದ್ರನಿಗೆ ಹೊರಟಿದ್ದರು. ತಲೆಗೆ ಅನ್ನ ಬಸಿಯುವ ತೂತಿನ ಪಾತ್ರೆ. ಡಬ್ಬದ ಮೇಲೆ ಬಿಸ್ಕತ್ತಿನ ಹೆಸರು ಹಾಗೇ ಕಾಣುತ್ತಿತ್ತು, ಅದನ್ನು ಮುಚ್ಚುವ ಗೋಜಿಗೇ ಅವರು ಹೋಗಿರಲಿಲ್ಲ. ತಮಗೆ ಇಷ್ಟವಾದ ಆಕಾಶದ ಕಥೆಗಳ ಮೇಲಿನ ಪ್ರೀತಿಗೆ ಅವರು ನಾಚಿಕೊಳ್ಳದೆ ಆಡುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಗುವಾಗ ಅಮ್ಮ ಬಟ್ಟೆ ಒಣಹಾಕಲು ಮೇಲೆ ಬಂದರು.

“ಒಬ್ಬಳೇ ಕುಂತ್ಕಂಡು ಹಿಂಗ್ ನಗ್ತಿಯಲ್ಲ, ನೋಡ್ದೋರು ಯಾನ ಅನ್ಕಂಡಾರು?”

“ಅಮ್ಮಾ, ಇವ್ರು ಚಂದ್ರಲೋಕಕ್ಕೆ ಹೋಗ್ತಾ ಇದ್ದಾರೆ.”

ಅಮ್ಮ ಬಗ್ಗಿ ನೋಡಿದರು. “ಇದ್ರಲ್ಲಾ? ಇದ್ರಲ್ಲಿ ನಾನು ನಿಮ್ಮಜ್ಜಿಗೆ ರಸ್ಕ್ ತಂದಿದ್ದೆ ಕನ” ಎಂದು ಅವರೂ ನಕ್ಕರು.

ಅಂದಿನಿಂದ ನಾನು ಒಂದು ವಿಡಿಯೋವನ್ನೂ ಸುಮ್ಮನೆ ನೋಡಲಿಲ್ಲ. ಎಲ್ಲಿ ನಗು ಬಂತು, ಅದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು, ಯಾರ ಮುಖ ತೋರಿಸಿದರು ಎಂದು ಬರೆದಿಟ್ಟುಕೊಳ್ಳುತ್ತಿದ್ದೆ. ನಾನು ಓದಿದ ಸಿನಿಮಾ ಶಾಲೆ ಅಷ್ಟೇ.

ಕೆಲಸ ಕಲಿತದ್ದು ಕೊಳ್ಳೇಗಾಲದಲ್ಲಿ, ರಾಚಪ್ಪನವರ ಮದುವೆ ಸ್ಟುಡಿಯೋದಲ್ಲಿ. ನನ್ನ ಸಹಪಾಠಿ ಮಾದೇಶ ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದ, ನಾನು ಕಂಪ್ಯೂಟರಿನ ಮುಂದೆ ಕೂತು ವಿಡಿಯೋ ಜೋಡಿಸುತ್ತಿದ್ದೆ. ಸೇರಿದ ಎರಡನೇ ತಿಂಗಳಲ್ಲಿ ಒಂದು ಮದುವೆಗೆ ನಾನು ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದೆ. ಗಂಡು ಹೆಣ್ಣು ರಾಕೆಟ್ಟಿನಲ್ಲಿ ಕೂತು ನಕ್ಷತ್ರಗಳ ನಡುವೆ ಹಾರಿ ಬಂದು ಧಾರೆ ಮಂಟಪದಲ್ಲಿ ಇಳಿಯುವ ಹಾಗೆ ಮಾಡಿದ್ದೆ. ರಾಕೆಟ್ಟಿಗೆ ಜಾಗ ಮಾಡಲು ಹೋಗಿ ಹೆಣ್ಣಿನ ಸೋದರಮಾವನ ಭಾಗ ಪೂರ್ತಿ ಕತ್ತರಿಸಿ ಹೋಗಿತ್ತು.

ಮರುದಿನ ಅವರ ಮನೆಯವರು ಒಂದು ವ್ಯಾನ್ ತುಂಬ ಬಂದರು. “ಏನ್ ಸಾ, ಹೆಣ್ಣೆತ್ಕಂಡು ಬಂದ ಮಾವನ್ನೇ ತಗುದ್‌ಬುಟ್ಟಿದ್ದೀರಲ್ಲ! ಅವ್ರು ಊಟ ಬುಟ್ಟು ಕುಂತವ್ರೆ.”

ರಾಚಪ್ಪನವರು ನನ್ನನ್ನು ಬೈಯಲಿಲ್ಲ. ವಿಡಿಯೋವನ್ನು ಮೊದಲಿಂದ ನೋಡಿ, ಕನ್ನಡಕ ತೆಗೆದು ಹೇಳಿದರು: “ಸವಿತಮ್ಮ, ರಾಕೆಟ್ಟು ಇರ್ಲಿ. ಅದಕ್ಕೊಂದು ಕಿಟಕಿ ಮಾಡು. ಮಾವನ್ನ ಕಿಟಕೀಲಿ ಕೂರ್ಸು.”

ಕೂರಿಸಿದೆ. ಜರಿ ಪೇಟ ಸುತ್ತಿಕೊಂಡ ಸೋದರಮಾವ ನಕ್ಷತ್ರಗಳ ನಡುವೆ ಗಂಭೀರವಾಗಿ ಹೊರಗೆ ನೋಡುತ್ತ ಹೋದರು. ಆ ತುಣುಕು ಅವರ ಊರಿನ ಎಲ್ಲ ಫೋನುಗಳಿಗೂ ಹರಡಿತು. ಮದುಮಕ್ಕಳ ರಾಕೆಟ್ಟನ್ನು ಯಾರೂ ಮತ್ತೆ ನೋಡಲಿಲ್ಲ, ಮಾವನ ಕಿಟಕಿಯನ್ನು ತಿಂಗಳುಗಟ್ಟಲೆ ನೋಡಿದರು. ಆಕಾಶಕ್ಕೆ ಹೋದರೂ ನಮ್ಮವರ ಮುಖ ಇರಬೇಕು ಎಂಬ ಪಾಠ ನನಗೆ ಸಿಕ್ಕಿದ್ದು ಅಲ್ಲಿ.

ರಾಚಪ್ಪನವರ ಇನ್ನೊಂದು ನಿಯಮವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮಾದೇಶನಿಗೆ ಅವರು ಪ್ರತಿ ಮದುವೆಯಲ್ಲೂ ಹೇಳುತ್ತಿದ್ದರು: “ಲೇ, ತಾಳಿ ಕಟ್ಟೋವಾಗ ಎಲ್ರೂ ಕ್ಯಾಮೆರಾ ನೋಡ್ತಾರೆ ಕಣ್ಲಾ. ಊಟಕ್ಕೆ ಕೂತಾಗ ಮರೀತಾರೆ. ಎಲೆ ಎತ್ತೋಗಂಟ ಆಫ್ ಮಾಡ್ಬೇಡ.”

ನಾವು ಸ್ವಂತ ಚಾನೆಲ್ ಶುರು ಮಾಡುತ್ತೇವೆ ಎಂದಾಗ ಅವರು ಹಳೆಯ ಕ್ಯಾಮೆರಾ ಒಂದನ್ನು ಕೈಗಿಟ್ಟು, “ಅದ್ಯಾವ ಆಕಾಶ್ದೋರೋ ಏನೋ, ನಂಗಂತೂ ಅರ್ಥಾಗಕ್ಕಿಲ್ಲ. ಬೀಳಿಸ್ಬೇಡಿ” ಎಂದರು. ನಮ್ಮ ಮೊದಲ ವಿಡಿಯೋದಲ್ಲಿ ಭೂಮಿಯ ಅಧ್ಯಕ್ಷರಾಗಿ ಕಾಣುವವರು ಅವರೇ. ಯಾರು ಸಾಮಾನು ಕೊಡುತ್ತಾರೋ ಅವರ ಮುಖ ವಿಡಿಯೋದಲ್ಲಿ ಒಂದು ಸಲವಾದರೂ ಬರಬೇಕು ಎಂದು ಅಂದೇ ನಿಯಮ ಮಾಡಿಕೊಂಡೆವು. ಅದನ್ನು ಲೆಕ್ಕವಿಟ್ಟು ನಡೆಸಿದವಳು ನಾನು.

ನೇಯುವ ಮನೆಯ ಅಕ್ಕ ಒಬ್ಬರು ನಮ್ಮ ಗ್ರಹದ ರಾಣಿಯಾದದ್ದು ಈ ನಿಯಮದಿಂದಲೇ. ಆಕಾಶ ತೋರಿಸಲು ಹಸಿರು ಪರದೆ ಬೇಕಿತ್ತು. ಅದರ ಮುಂದೆ ನಿಂತರೆ ಕಂಪ್ಯೂಟರು ಹಸಿರನ್ನೆಲ್ಲ ಅಳಿಸಿ ಆ ಜಾಗದಲ್ಲಿ ನಕ್ಷತ್ರ ತುಂಬುತ್ತದೆ. ಪರದೆ ತರಿಸಲು ಪುರುಸೊತ್ತಿಲ್ಲದೆ ಮಾದೇಶ ಆ ಅಕ್ಕನ ಮನೆಯಿಂದ ಗಿಣಿ ಹಸಿರಿನ ರೇಷ್ಮೆ ಸೀರೆ ತಂದು ಗೋಡೆಗೆ ಕಟ್ಟಿದ. ಹಸಿರು ಹೋಯಿತು, ಜರಿ ಅಂಚು ಹೋಗಲಿಲ್ಲ. ನಮ್ಮ ಆಕಾಶದ ನಡುವೆ ಒಂದು ಬಂಗಾರದ ಗೆರೆ ಹಾಗೇ ನಿಂತಿತು. ವಿಡಿಯೋ ಹಾಕಿದ ಮೇಲೆ ಯಾರೋ ಕೆಳಗೆ ಬರೆದರು: ‘ಅದು ಯಾವ ಗ್ರಹದ ಉಂಗುರ?’ ನಾವು ಏನು ಉತ್ತರ ಹೇಳುವುದೆಂದು ಯೋಚಿಸುವಷ್ಟರಲ್ಲಿ ಆ ಅಕ್ಕನೇ ಬರೆದಿದ್ದರು: ‘ಅದು ನಾನು ನೇಯ್ದ ಅಂಚು.’ ಆಮೇಲೆ ನಿಜವಾದ ಪರದೆ ಬಂತು, ಕಂಪ್ಯೂಟರು ದೊಡ್ಡದಾಯಿತು. ಆದರೂ ನಮ್ಮ ಆಕಾಶಕ್ಕೆ ಆ ಗೆರೆಯನ್ನು ಕೊನೆಯವರೆಗೂ ಬಿಡದೆ ಹಾಕಿದೆವು.

ಇನ್ನು ತಗಡಪ್ಪ. ನಮ್ಮ ರೋಬೋದ ಹೆಸರು ಅದು. ಮೈ ಎಣ್ಣೆ ಡಬ್ಬಗಳದ್ದು, ಕೈ ಹೊಗೆ ಕೊಳವೆಯದ್ದು, ಕಣ್ಣಿಗೆ ಕೆಂಪು ದೀಪ. ದನಿ ಬೇಕಲ್ಲ ಎಂದು ಯೋಚಿಸುತ್ತಿದ್ದಾಗ ನಮ್ಮ ಊರಿನ ಶಿವಮಲ್ಲಣ್ಣ ತನ್ನ ಗೂಡ್ಸ್ ಆಟೋದಿಂದ ರಿವರ್ಸ್ ಹಾರ್ನ್ ಬಿಚ್ಚಿಕೊಟ್ಟ. ಗಾಡಿ ಹಿಂದಕ್ಕೆ ಬರುವಾಗ ಟೀಂ ಟೀಂ ಎಂದು ಕೂಗುವ ಹಾರ್ನು. ರೈತರ ರೇಷ್ಮೆಗೂಡನ್ನು ಮಾರುಕಟ್ಟೆಗೆ ಸಾಗಿಸುವುದು ಅವನ ಕೆಲಸ.

“ಇದ್ನ ಕೊಟ್ರೆ ನಿಮ್ ಗಾಡಿಗೆ, ಮಲ್ಲಣ್ಣ?”

“ನಂಗೆ ಬಾಯಿಲ್ವ?” ಎಂದ.

ಅಂದಿನಿಂದ ಅವನು ಗಾಡಿ ಹಿಂದಕ್ಕೆ ತೆಗೆಯುವಾಗಲೆಲ್ಲ ತಲೆ ಹೊರಗೆ ಹಾಕಿ ತಾನೇ ಟೀಂ ಟೀಂ ಎಂದು ಕೂಗುತ್ತಿದ್ದ. ಮಾರುಕಟ್ಟೆಯಲ್ಲಿ ಎಲ್ಲರೂ ನಗುತ್ತಿದ್ದರು. ಅವನ ನಡಿಗೆ, ಅವನ ಗಂಟಲು ನೋಡಿ, ತಗಡಪ್ಪನೊಳಗೆ ಹೋಗಲು ಇವನೇ ಸರಿ ಎಂದುಕೊಂಡೆವು. ಒಳಗಿರುವುದು ಯಾರು ಎಂದು ಹೇಳಬಾರದು ಎಂದು ಮೂವರೂ ಮಾತಾಡಿಕೊಂಡೆವು. ನೋಡುವವರು ಊಹೆ ಮಾಡುತ್ತಿರಲಿ ಎಂಬ ಆಟ. ಜನ ಆ ಆಟವನ್ನು ಬಹಳ ಇಷ್ಟಪಟ್ಟರು. ಹೀಗೆ, ಸಾಮಾನು ಕೊಟ್ಟ ಎಲ್ಲರ ಮುಖ ಬಂದರೂ ಮಲ್ಲಣ್ಣನ ಮುಖ ಮಾತ್ರ ಬರದೆ ಉಳಿಯಿತು.

ಅವನಿಗೆ ಅದು ಬೇಸರವಾಗಿರಲಿಲ್ಲ, ಮಗಳು ಸಿಂಚನ ಐದನೇ ಕ್ಲಾಸಿಗೆ ಬರುವವರೆಗೆ. ಒಂದು ದಿನ ಚಿತ್ರೀಕರಣ ಮುಗಿದ ಮೇಲೆ ತಗಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ: “ಕೂಸು ಇಸ್ಕೂಲಲ್ಲಿ ಯೋಳದಂತೆ ಕನವ್ವ, ತಗಡಪ್ಪ ನಮ್ಮಪ್ಪ ಅಂತ. ‘ನಿಮ್ಮಪ್ಪ ಗೂಡಿನ ಆಟೋ ಓಡ್ಸೋನಲ್ವ, ಸುಳ್ಳಿ’ ಅಂದ್ರಂತೆ. ಎರಡು ದಿನದಿಂದ ಅತ್ಕಂಡು ಕುಂತದೆ.”

“ನಾಳೆಯೇ ಹೇಳಿಬಿಡೋಣ ಮಲ್ಲಣ್ಣ.”

“ಬ್ಯಾಡ. ಆಟ ಕೆಡ್ತದೆ. ಕೊನೇ ವಿಡಿಯೋ ಅಂತ ಒಂದ್ ಮಾಡ್ತೀರಲ್ಲ ಎಂದಾದ್ರೂ, ಅದ್ರಲ್ಲಿ ಒಂದ್ಸಾರಿ ತಲೆ ತಗಿತೀನಿ. ಅದು ಸಾಕು.”

ಮಾದೇಶ ಅವನ ಕೈ ಹಿಡಿದು ಆಗಲಿ ಎಂದ. ನಾನು ದಿನಚರಿಯಲ್ಲಿ ಬರೆದುಕೊಂಡೆ. ಆ ಮಾತು ನಮ್ಮ ತಲೆಯ ಮೇಲಿತ್ತು.

ತಪ್ಪುಗಳ ವಿಷಯಕ್ಕೆ ಬಂದರೆ ನೀವು ಮೊದಲು ಕೇಳಬೇಕಾದದ್ದು ಯಳಂದೂರಿನದು. ತಗಡಪ್ಪನಿಗೆ ಚಂದ್ರಲೋಕದಲ್ಲಿ ಚಳಿಯಾಗುತ್ತದೆ, ಅದಕ್ಕೆ ಕೋಟು ಬೇಕು ಎಂಬ ಕಥೆ. ತಗಡಿನ ಮೈಗೆ ರೇಷ್ಮೆಗೂಡುಗಳನ್ನು ಒತ್ತೊತ್ತಾಗಿ ಅಂಟಿಸಿದೆವು. ಬಿಳಿ ಕೋಟು, ದೂರದಿಂದ ನೋಡಿದರೆ ಹಿಮದ ಹಾಗೆ. ಗೂಡು ತಂದವನು ಮಲ್ಲಣ್ಣ. ಮಾರುಕಟ್ಟೆಯಲ್ಲಿ ಬೇಡವೆಂದು ಬಿಟ್ಟ ಕಳಪೆ ಗೂಡು. ಗೂಡಿಗೆ ಬಿಸಿ ತಾಗಿಸಿ ಒಳಗಿನ ಹುಳುವನ್ನು ಸಾಯಿಸದಿದ್ದರೆ ಕೆಲವೇ ದಿನದಲ್ಲಿ ಅದು ಚಿಟ್ಟೆಯಾಗಿ ಗೂಡು ಒಡೆದು ಹೊರಗೆ ಬರುತ್ತದೆ. ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ ಇದು. ಬಿಸಿ ಕೊಟ್ಟಿದ್ದಾರೆಂದು ಮಲ್ಲಣ್ಣ ಅಂದುಕೊಂಡಿದ್ದ. ಮಲ್ಲಣ್ಣ ಗೂಡಿನವನು, ಅವನು ನೋಡಿರುತ್ತಾನೆಂದು ನಾವು ಅಂದುಕೊಂಡಿದ್ದೆವು.

ಸುವರ್ಣಾವತಿ ಹೊಳೆಯ ಬಂಡೆಗಳ ಮೇಲೆ ಬೆಳಿಗ್ಗೆಯೇ ಶುರು ಮಾಡಿದೆವು. ಬಿಳಿಗಿರಿಯ ಸಾಲಿನ ಮೇಲೆ ಬಿಸಿಲು ಬರುವ ಹೊತ್ತಿಗೆ ತಗಡಪ್ಪನ ಎದೆ ಅಲುಗತೊಡಗಿತು. ಒಂದು ಗೂಡಿನ ತುದಿ ಒದ್ದೆಯಾಗಿ, ಪುಟ್ಟ ತಲೆಯೊಂದು ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ನೋಡುನೋಡುತ್ತಿದ್ದಂತೆ ಎದೆ, ಭುಜ, ಹೊಟ್ಟೆಯ ತುಂಬ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತ ಕೂತವು. ಅವಕ್ಕೆ ಹಾರಲು ಬರುವುದಿಲ್ಲ. ಕೋಟೇ ಉಸಿರಾಡುವ ಹಾಗೆ ಕಾಣುತ್ತಿತ್ತು.

ತಲೆಯೊಳಗಿಂದ ಮಲ್ಲಣ್ಣನಿಗೆ ತನ್ನ ಎದೆ ಕಾಣದು. “ಯಾನವ್ವ, ಎಲ್ರೂ ಬಾಯ್ ಬುಟ್ಕಂಡು ನೋಡ್ತಿದ್ದೀರಿ?” ಎಂದ.

“ಮಲ್ಲಣ್ಣ, ಗೂಡು ಒಡೀತಾ ಇವೆ” ಎಂದ ಮಾದೇಶ.

ಒಳಗಿಂದ ತಗಡಪ್ಪನ ದನಿಯಲ್ಲಿ, ಬಹಳ ನಿಧಾನವಾಗಿ ಮಾತು ಬಂತು: “ಟೀಂ… ಟೀಂ… ನಂಗೆ… ಮಕ್ಕಳಾದ್ವು!”

ನಾವು ಬರೆದ ಯಾವ ಮಾತೂ ಅದರ ಹತ್ತಿರ ಬರಲಿಲ್ಲ. ಚಂದ್ರಲೋಕದ ಕಥೆಯನ್ನು ಅಲ್ಲೇ ಬಿಟ್ಟು, ತಗಡಪ್ಪ ಮಕ್ಕಳನ್ನು ಸಾಕುವ ಕಥೆ ಮಾಡಿದೆವು. ನಮ್ಮ ವಿಡಿಯೋಗಳಲ್ಲಿ ಜನ ಈಗಲೂ ಕೇಳಿ ನೋಡುವುದು ಅದನ್ನೇ. ಹಿಂದೊಮ್ಮೆ ಕಂಪ್ಯೂಟರಿನಿಂದ ರೋಬೋ ದನಿ ಮಾಡುವ ಹೊಸ ಸೌಲಭ್ಯ ಬಂದಾಗ ನಾನು ಉತ್ಸಾಹದಿಂದ ಅದಕ್ಕೆ ಬದಲಾಯಿಸಿದ್ದೆ. ಎರಡು ವಿಡಿಯೋ ಮಾಡಿ ಕೈಬಿಟ್ಟೆ. ಎಣ್ಣೆ ಡಬ್ಬದೊಳಗಿಂದ ಮನುಷ್ಯ ಮಾತಾಡಿದರೆ ಬರುವ ದನಿ ಅದರಲ್ಲಿ ಇರಲಿಲ್ಲ.

ನಮ್ಮ ಪರೀಕ್ಷೆ ನಡೆಯುತ್ತಿದ್ದುದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರಿನ ಒಂದು ಟೀ ಅಂಗಡಿಯಲ್ಲಿ. ವಿಡಿಯೋ ಹಾಕುವ ಹಿಂದಿನ ಸಂಜೆ ನನ್ನ ಫೋನು ಅಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಬಸ್ಸಿಗೆ ಕಾಯುವವರು, ಗೂಡು ಮಾರಿ ಬಂದವರು, ಕಚೇರಿಯವರು ನೋಡುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಎಲ್ಲಿ ನಕ್ಕರು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಒಬ್ಬ ಹಿರಿಯರು ಒಮ್ಮೆ, “ಕಾಲದಾಗೆ ಹಿಂದಕ್ಕೋಗೋ ಗಾಡಿ ಅಂತೀಯಲ್ಲ ಮಗ, ಹನೂರ್ ಬಸ್ಸು ಬರೋ ಟೈಮಿಗೆ ಬಂದ್ರೆ ಸಾಕು ನಮ್ಗೆ” ಎಂದರು. ಅದನ್ನು ಮುಂದಿನ ವಿಡಿಯೋಗೆ ಎತ್ತಿಕೊಂಡೆ. ಅವರ ಮುಖವನ್ನೂ ಹಾಕಿದೆ. ಫೋನಿನಲ್ಲಿ ಬರುವ ಮೆಚ್ಚುಗೆಯ ಗುರುತು ಕೂತಲ್ಲೇ ಸಿಗುತ್ತದೆ, ಹುಡುಗಿಯರೇ. ಪರಿಚಯವಿಲ್ಲದವರು ಟೀ ಲೋಟ ಕೆಳಗಿಟ್ಟು ನಗುವುದನ್ನು ಎದುರಿಗೆ ಕೂತು ನೋಡಿ. ಯಾವ ಕ್ಯಾಮೆರಾವೂ ಅದನ್ನು ಕಲಿಸುವುದಿಲ್ಲ.

ಈಗ ಲೊಕ್ಕನಹಳ್ಳಿ. ಹನೂರಿನ ಆಚೆ, ಕಾಡಂಚಿನ ಊರು. ತಗಡಪ್ಪ ಭೂಮಿಗೆ ಇಳಿದು ರಾಗಿ ಪೈರನ್ನು ತನ್ನ ನೆಂಟರೆಂದು ತಿಳಿದು ಮಾತಾಡಿಸುವ ವಿಡಿಯೋ. ಹೊಲ ಕೊಟ್ಟವರು ದುಂಡಮ್ಮ ಎಂಬ ಹಿರಿಯರು. ಎಮ್ಮೆ ಒಂದು, ಹೊಲ ಒಂದು, ಹೊಲದ ಮೂಲೆಯಲ್ಲಿ ಕಾವಲಿನ ಅಟ್ಟಣೆ. ಆ ವಾರವಷ್ಟೇ ಕಾಡುಹಂದಿಗಳು ಬಂದು ಒಂದು ಮೂಲೆಯನ್ನು ಉತ್ತ ಹಾಗೆ ಮಾಡಿ ಹೋಗಿದ್ದವು. “ವರ್ಸದ ಮುದ್ದೆ ಕನ ಇದು” ಎಂದು ತೆನೆ ಮುಟ್ಟಿ ತೋರಿಸಿದರು.

ಕೆಲಸ ಮುಗಿಯುವಾಗ ಮಲ್ಲಣ್ಣನ ಗಾಡಿ ಕೆಟ್ಟಿತು. ತಗಡಪ್ಪನನ್ನು ದುಂಡಮ್ಮನ ಕೊಟ್ಟಿಗೆಯಲ್ಲಿ ಬಿಟ್ಟು ನಾವು ಬಸ್ಸಿಗೆ ಬಂದೆವು. ಬೆಳಿಗ್ಗೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋದರೆ ತಗಡಪ್ಪ ಕೊಟ್ಟಿಗೆಯಲ್ಲಿಲ್ಲ. ಹೊಲದ ಅಂಚಿನಲ್ಲಿ, ಅಟ್ಟಣೆಯ ಕಂಬಕ್ಕೆ ಕಟ್ಟಿಸಿಕೊಂಡು, ತಲೆಗೆ ಹಳೆ ಸೀರೆಯ ಪೇಟ ಸುತ್ತಿಕೊಂಡು, ಕಣ್ಣು ಮಿಟುಕಿಸುತ್ತ ಟೀಂ ಟೀಂ ಎನ್ನುತ್ತಿದ್ದ. ಮಾದೇಶ ಸ್ವಿಚ್ಚು ಆರಿಸುವುದನ್ನು ಮರೆತಿದ್ದ.

“ಇದ್ನ ಯಾಕಮ್ಮ ಇಲ್ಲಿ ತಂದು ಕಟ್ಟಿದ್ದೀರಿ?” ಎಂದೆ.

“ರಾತ್ರೆ ಕೊಟ್ಟಿಗೇಲಿ ಒಂದೇ ಸಮ ಬಡ್ಕತಿತ್ತು ಕನ ಕೂಸು” ಎಂದರು ದುಂಡಮ್ಮ. “ಎಮ್ಮೆ ಮಲಗನಿಲ್ಲ, ನಾನೂ ಮಲಗನಿಲ್ಲ. ಯಾವ ಗುಂಡಿ ಒತ್ತುದ್ರೆ ಬಾಯ್ ಮುಚ್ತದೋ ಕಾಣೆ. ಎತ್ಕಂಡೋಗಿ ಒಲದಲ್ಲಿ ನಿಲ್ಸ್‌ದೆ, ಅಲ್ಲೇ ಕೂಕ್ಕಳ್ಲಿ ಅಂತ. ಒತ್ತಾರೆ ಬಂದು ನೋಡುದ್ರೆ ಒಂದ್ ಹಂದಿ ಹೆಜ್ಜೆ ಇಲ್ಲ!”

“ನಾವು ತಕಂಡೋಗ್ಬೇಕಲ್ಲಮ್ಮ.”

“ಓಯ್ತದೆ ಬುಡು, ಎಲ್ಲೋಯ್ತದೆ. ರಾಗಿ ಕುಯ್ಯೋಗಂಟ ಇರ್ಲಿ. ನಿಮ್ಗೆ ಇದು ಆಟ, ನಂಗೆ ಊಟ.”

ಇಲ್ಲವೆನ್ನಲು ಬಾಯಿ ಬರಲಿಲ್ಲ. ಬೇರೆ ಚಿತ್ರೀಕರಣವೂ ಹತ್ತಿರದಲ್ಲಿ ಇರಲಿಲ್ಲ. ಬ್ಯಾಟರಿಗೆ ಹೇಗೆ ಚಾರ್ಜ್ ಹಾಕಬೇಕೆಂದು ಮಲ್ಲಣ್ಣ ತೋರಿಸಿಕೊಟ್ಟ. ಹಂದಿಗಳು ಗುರುತು ಹಿಡಿಯಬಾರದೆಂದು ದುಂಡಮ್ಮ ದಿನಕ್ಕೊಂದು ಕಡೆ ಅವನನ್ನು ಎತ್ತಿ ನಿಲ್ಲಿಸುತ್ತಿದ್ದರಂತೆ.

ಮುಂದಿನ ವಾರ ನನಗೆ ಕೆಲಸದ ಆದೇಶ ಬಂತು. ಎಂದೋ ಬರೆದ ಪರೀಕ್ಷೆ, ನಾನೇ ಆಸೆ ಬಿಟ್ಟದ್ದು. ಹದಿನೈದು ದಿನದೊಳಗೆ ಹಾಜರಾಗಬೇಕಿತ್ತು. ಮಾದೇಶನಿಗೂ ರಾಚಪ್ಪನವರು ಸ್ಟುಡಿಯೋ ನೋಡಿಕೊಳ್ಳಲು ಹೇಳಿದ್ದರು. ಕೊನೆಯ ವಿಡಿಯೋ ಇಷ್ಟು ಬೇಗ ಬರುತ್ತದೆಂದು ಮೂವರೂ ಎಣಿಸಿರಲಿಲ್ಲ. ಬಂತು. ತಗಡಪ್ಪ ಮಾತ್ರ ದುಂಡಮ್ಮನ ಹೊಲದಲ್ಲಿದ್ದ, ಕೊಯ್ಲಿಗೆ ಇನ್ನೂ ದಿನವಿತ್ತು.

ಕೇಳಲು ಹೋದೆವು. ದುಂಡಮ್ಮ ಖಡಾಖಂಡಿತವಾಗಿ ಹೇಳಿದರು: “ಒಂದಿನ ಇಲ್ದಿದ್ರೂ ಬತ್ತವೆ ಕನ. ಕೊಡಕ್ಕಿಲ್ಲ.”

“ಬೇರೆ ಡಬ್ಬ ತಂದು ಇನ್ನೊಂದು ಮಾಡೋಣ ಮಲ್ಲಣ್ಣ, ನೋಡೋರಿಗೆ ಗೊತ್ತಾಗಲ್ಲ” ಎಂದ ಮಾದೇಶ.

ಮಲ್ಲಣ್ಣ ಎಂದೂ ನಮ್ಮ ಮಾತಿಗೆ ಎದುರಾಡಿದವನಲ್ಲ. ಅಂದು ಹೇಳಿದ: “ಇದ್ರೊಳ್ಗೆ ಇಷ್ಟ್ ವರ್ಸ ಬೆವೆತಿವ್ನಿ ಕಣ್ಲಾ. ಬ್ಯಾರೆ ತಗಡಿಂದ ತಲೆ ತಗುದ್ರೆ ಅದು ನಾನಲ್ಲ.” ಅವನ ಕಣ್ಣು ಹೊಲದ ಕಡೆಗಿತ್ತು. “ಬುಡಿ. ಅವ್ವನ ರಾಗಿಗಿಂತ ನನ್ ಮುಖ ದೊಡ್ಡದಾ?”

ಇದನ್ನು ಕೇಳಿಸಿಕೊಂಡರೋ ಏನೋ, ದುಂಡಮ್ಮ ಸ್ವಲ್ಪ ಇಳಿದರು. “ಅದ್ಯಾನ ಮಾಡ್ಕತಿರೋ ಇಲ್ಲೇ ಮಾಡ್ಕಳಿ. ಪೈರು ತುಳೀಬ್ಯಾಡಿ. ಹೊತ್ ಮುಳುಗೋ ಹೊತ್ಗೆ ಅದು ಅಂಚಲ್ಲಿರ್ಬೇಕು. ಒಳಗೆ ಸೇರ್ಕಂಡೋನು ಅದ್ರ ಕೆಲಸ ಮಾಡ್ಬೇಕು, ಕೂಗ್ಕಂಡು ಬದದ ಮ್ಯಾಲೆ ಸುತ್ಬೇಕು.”

ಬುಧವಾರ ಮಧ್ಯಾಹ್ನ ಶುರು ಮಾಡಿದೆವು. ತಗಡಪ್ಪ ತಲೆ ತೆಗೆದು ಆಡಬೇಕಾದ ಮಾತನ್ನು ನಾನು ಎರಡು ಪುಟ ಬರೆದಿದ್ದೆ. ಗ್ರಹಗಳು, ಮನುಷ್ಯರು, ಒಂಟಿತನ, ಎಲ್ಲ ಅದರಲ್ಲಿತ್ತು. ಮಲ್ಲಣ್ಣ ತಲೆ ತೆಗೆದ. ಕ್ಯಾಮೆರಾ ನೋಡಿದ. ಶಾಲೆಯಲ್ಲಿ ಪ್ರತಿಜ್ಞೆ ಓದುವ ಹಾಗೆ ಮಾತು ಹೊರಬಂತು. ಮತ್ತೆ ಶೂಟ್ ಮಾಡಿದೆವು, ಅರ್ಧಕ್ಕೇ ನಿಂತ. ಮತ್ತೆ ತೆಗೆದೆವು, ಮಾತೇ ಮರೆತುಹೋಯಿತು. ತಗಡಿನೊಳಗೆ ಇಡೀ ತಾಲ್ಲೂಕನ್ನು ನಗಿಸಿದವನು ಬಯಲಿಗೆ ಬಂದರೆ ಮರದ ತುಂಡಾಗುತ್ತಿದ್ದ. ಪುಟಗಳನ್ನು ಅರ್ಧ ಮಾಡಿದೆ, ಒಂದೇ ಸಾಲಿಗೆ ಇಳಿಸಿದೆ. ಪ್ರಯೋಜನವಾಗಲಿಲ್ಲ. ಬಿಸಿಲು ಕೆಂಪಾಗುತ್ತಿತ್ತು.

“ಒಳಗಿದ್ರೆ ಯಾರೂ ನೋಡ್ತಿಲ್ಲ ಅನ್ಸ್ತದೆ ಕನವ್ವ, ಮಾತು ಬತ್ತದೆ” ಎಂದ. “ತಲೆ ತಗುದ್ರೆ ಕೂಸಿನ ಇಸ್ಕೂಲೆಲ್ಲ ಮುಂದ್ ಬಂದು ಕುಂತಂಗಾಯ್ತದೆ. ನನ್ ಕೈಲಿ ಆಗಕ್ಕಿಲ್ಲ. ಅವಳ್ಗೆ ನಾನೇ ಯಾನಾದ್ರೂ ಯೋಳ್ಕತೀನಿ ಬುಡು.”

ತಲೆಯನ್ನು ಮತ್ತೆ ಹಾಕಿಕೊಂಡು, ಒಪ್ಪಿದ ಕೆಲಸ ಬಿಡಬಾರದೆಂದು, ಟೀಂ ಟೀಂ ಎನ್ನುತ್ತ ಬದುವಿನ ಮೇಲೆ ಹೊರಟ. ನಾನು ಪುಟಗಳನ್ನು ಮಡಿಚಿದೆ. ಸುಮ್ಮನೆ ಹೊರಟುಬಿಟ್ಟರೆ ಆ ಮಗು ಸುಳ್ಳಿಯಾಗಿಯೇ ಉಳಿಯುತ್ತದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಎರಡನೇ ಸುತ್ತು ಬರುವಾಗ ದುಂಡಮ್ಮ ಮಜ್ಜಿಗೆಯ ಚೊಂಬು ಹಿಡಿದು ಬದುವಿಗೆ ಬಂದರು.

“ಲೋ ಟೀಂ ಟೀಂ, ನಿಂತ್ಕೊ. ಅವಾಗಿಂದ ಸುತ್ತಿಯೆ. ಒಳಗಿರೋ ಜೀವಕ್ಕೆ ಬಾಯಾರಕ್ಕಿಲ್ವ? ತಗಿ ಆ ತಲೆಯ.”

ಮಲ್ಲಣ್ಣ ತೆಗೆದ. ಕೂದಲು ಹಣೆಗೆ ಅಂಟಿತ್ತು, ಕೆನ್ನೆಯ ಮೇಲೆ ತಗಡಿನ ಅಂಚು ಒತ್ತಿದ ಗುರುತು. ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಚೊಂಬನ್ನು ಎತ್ತಿ ಗಟಗಟ ಕುಡಿದ. ಎರಡು ಮೂರು ಸಲ ಕಂಡಿದ್ದರೂ ದುಂಡಮ್ಮ ಈಗಲೇ ಅವನನ್ನು ದಿಟ್ಟಿಸಿ ನೋಡಿ, ನಮ್ಮ ಕಡೆ ಹಿರಿಯರು ಹೊಸಬರನ್ನು ಕಂಡರೆ ಮೊದಲು ಕೇಳುವುದನ್ನು ಕೇಳಿದರು.

“ಯಾರ ಮಗನಪ್ಪ ನೀನು?”

ಅವನು ಬಾಯಿ ಒರೆಸಿಕೊಂಡ. “ಧನಗೆರೆ ಶಿವಮಲ್ಲು ಕನವ್ವ. ಸಿಂಚನನ ಅಪ್ಪ.”

“ಯಾರ ಮಗ ಅಂದ್ರೆ ಯಾರ ಅಪ್ಪ ಅಂತ ಯೋಳ್ತಿಯಲ್ಲೋ! ಅಪ್ಪ ಅವ್ವ ಇಲ್ವ ನಿಂಗೆ?”

“ಅವ್ರೆ ಕನವ್ವ” ಎಂದು ನಕ್ಕ. “ಇದ್ನ ನೋಡೋದು ಅವಳಲ್ವ, ಅದ್ಕೆ.”

“ಅಂಗಾರೆ ನೆಟ್ಟಗೆ ಕಾಣ್ಲಿ ಬಾ ಇಲ್ಲಿ” ಎಂದು ದುಂಡಮ್ಮ ಸೆರಗಿನಿಂದ ಅವನ ಹಣೆ, ಕೆನ್ನೆ, ಗಲ್ಲವನ್ನು ಒರೆಸಿದರು. ಅವನು ಚಿಕ್ಕ ಹುಡುಗನ ಹಾಗೆ ಕಣ್ಣು ಮುಚ್ಚಿ ನಿಂತಿದ್ದ. ಆಮೇಲೆ ಸೂರ್ಯನನ್ನು ನೋಡಿ, “ಹೊತ್ತಾಯ್ತು, ಹಂದಿ ಬರೋ ಹೊತ್ತು” ಎಂದು ತಲೆ ಹಾಕಿಕೊಂಡು, ಟೀಂ ಟೀಂ ಎನ್ನುತ್ತ ರಾಗಿ ತೆನೆಗಳ ಪಕ್ಕದಲ್ಲಿ ನಡೆದುಹೋದ.

ನಾನು ಮಾದೇಶನ ಕಡೆ ತಿರುಗಿದೆ. ಅವನು ಕ್ಯಾಮೆರಾದಿಂದ ಕಣ್ಣು ತೆಗೆದಿರಲಿಲ್ಲ.

“ಎಲೆ ಎತ್ತೋಗಂಟ ಆಫ್ ಮಾಡ್ಬಾರ್ದಲ್ವೇನೆ” ಎಂದ.

ಅದನ್ನೇ ಹಾಕಿದೆವು, ಒಂದು ಚೂರೂ ಕತ್ತರಿಸದೆ. ನನ್ನ ಎರಡು ಪುಟದಲ್ಲಿ ಒಂದು ಸಾಲೂ ಉಳಿಯಲಿಲ್ಲ. ಸಂಜೆಯ ಆಕಾಶಕ್ಕೆ ಒಂದು ಜರಿಯ ಗೆರೆಯನ್ನು ಮಾತ್ರ ಸೇರಿಸಿದೆ. ಟೀ ಅಂಗಡಿಯಲ್ಲಿ ಫೋನು ಕೈಯಿಂದ ಕೈಗೆ ಹೋಯಿತು. ಮುಖ ಬಂದಾಗ ಒಬ್ಬರೂ ನಗಲಿಲ್ಲ. ಗುರುತು ಹಾಕಲು ಪೆನ್ನು ಹಿಡಿದುಕೊಂಡು ಕೂತೇ ಇದ್ದೆ. ಅಂಗಡಿಯವರು ಸ್ಟೌ ಸಣ್ಣದು ಮಾಡಿ, ರಸ್ತೆಯಾಚೆ ಗಾಡಿಗೆ ಒರಗಿ ನಿಂತಿದ್ದವನನ್ನು ನೋಡಿ ಕೂಗಿದರು: “ಲೇ ಮಲ್ಲು! ಇಷ್ಟ್ ವರ್ಸ ಇಲ್ಲೇ ಟೀ ಕುಡ್ದಿದ್ದೀಯೆ, ಒಂದ್ ಮಾತು ಯೋಳ್ನಿಲ್ವಲ್ಲೋ!”

ನಾನು ಕೊಪ್ಪಳಕ್ಕೆ ಹೊರಟ ದಿನ ನನ್ನ ಟ್ರಂಕು ಮಲ್ಲಣ್ಣನ ಗಾಡಿಯಲ್ಲೇ ಬಂತು. ಧನಗೆರೆ ಶಾಲೆಯ ಹತ್ತಿರ ಬರುವಾಗ ಸಂಜೆಯ ಗಂಟೆ ಹೊಡೆಯಿತು. ಮಕ್ಕಳು ಗಾಡಿಯನ್ನು ಕಂಡು ಓಡಿಬಂದು ಮುಂದೆ ಹಿಂದೆ ಮುತ್ತಿಕೊಂಡರು.

“ಸಿಂಚನನ ಅಪ್ಪ! ರಿವರ್ಸ್ ತಗೀರಿ! ಒಂದ್ಸಾರಿ ತಗೀರಿ!”

ಸಿಂಚನ ಗೇಟಿನ ಹತ್ತಿರ ನಿಂತಿದ್ದಳು, ಚೀಲವನ್ನು ಎದೆಗೆ ಅವಚಿಕೊಂಡು. ಅವಳಿಗೆ ಅವಸರವೇನೂ ಇರಲಿಲ್ಲ. ಎಲ್ಲರೂ ಕೂಗಿ ಮುಗಿಸಲೆಂದು ಕಾದು, ಮೆಲ್ಲಗೆ ಹೇಳಿದಳು: “ತಗಿಯಪ್ಪ.”

“ನಾವು ಓಗ್ಬೇಕಾಗಿರೋದು ಮುಂದಕ್ಕಲ್ವೇನವ್ವ?” ಎಂದು ಮಲ್ಲಣ್ಣ ನನ್ನ ಮುಖ ನೋಡಿದ.

ಹಾರ್ನು ಇನ್ನೂ ದುಂಡಮ್ಮನ ಹೊಲದಲ್ಲಿತ್ತು. ನನ್ನ ಬಸ್ಸಿನ ಹೊತ್ತೂ ಹತ್ತಿರವಾಗಿತ್ತು. ಆದರೂ ನಾನು ಹಿಂದಕ್ಕೆ ಕೈ ತೋರಿಸಿದೆ. ಮಲ್ಲಣ್ಣ ಮಕ್ಕಳನ್ನು ಪಕ್ಕಕ್ಕೆ ಸರಿಸಿ, ತಲೆ ಹೊರಗೆ ಹಾಕಿ, ಟೀಂ ಟೀಂ ಎಂದು ದೊಡ್ಡದಾಗಿ ಕೂಗುತ್ತ, ಬಂದ ದಾರಿಯಲ್ಲೇ ಗಾಡಿಯನ್ನು ಹಿಂದಕ್ಕೆ ತೆಗೆದ.